ಹೊತ್ತು ಹೋಗದ ಮಳೆಗಾಲ

ಕಳೆದ ಆಷಾಢದಲ್ಲಿ ನನ್ನ ಹೆಂಡತಿಯ ಕೊರಳಿನ ಎಡಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ, ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು. ವೈದ್ಯರು ಗಂಟಿನಿಂದ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಮೊದಲ ಪರೀಕ್ಷೆಯಲ್ಲಿ ಏನೂ ಇತ್ಯರ್ಥವಾಗಲಿಲ್ಲ. ಕ್ಷಯವಿರಬಹುದು, ಮತ್ತೊಂದಿರಬಹುದು, ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯೊಂದಿದೆ, ಅದರ ಫಲ ತಿಳಿಯಲು ಆರು ವಾರ ಹಿಡಿದೀತು ಎಂದರು. ಆ ಮತ್ತೊಂದರ ಹೆಸರನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಮನೆ ಇರುವುದು ಬ್ಯಾಡರಹಳ್ಳಿಯಲ್ಲಿ. ಊರಿನ ಹೆಸರಿನಲ್ಲಿ ಬೇಡರಿದ್ದಾರೆ. ಕಣ್ಣಿಗೆ ಕಾಣುವುದು ಮಾತ್ರ ಮಾಗಡಿ ರಸ್ತೆಯ ಬಸ್ಸು, ಲಾರಿ, ಮಳೆ ಬಂದರೆ ನಿಂತುಬಿಡುವ ವಾಹನಗಳ ಸಾಲು. ಆರು ವಾರಗಳಲ್ಲಿ ಎರಡನೆಯದು ನಡೆಯುತ್ತಿದ್ದ ಒಂದು ಸಂಜೆ, ಮಳೆಗೆ ವಿದ್ಯುತ್ತು ಹೋಯಿತು. ಅವಳು ಮೇಣದಬತ್ತಿಯ ಬೆಳಕಿನಲ್ಲಿ ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಿದ್ದಳು. ಬಹಳ ಹೊತ್ತಿನ ಮೇಲೆ, ಈ ಹಾಳು ಮಳೆಯಲ್ಲಿ ಹೊತ್ತೇ ಹೋಗುವುದಿಲ್ಲ, ಏನಾದರೂ ಹೇಳಬಾರದೇ ಎಂದಳು. ನನಗೆ ನಗು ಬಂದು, ಅರ್ಧದಲ್ಲಿ ನಿಂತಿತು. ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ನಾನು ಪಾಠ ಹೇಳುತ್ತ ಬಂದಿರುವ ಮಾತು ಅದು. ಶ್ರೀರಾಮಾಶ್ವಮೇಧದ ಮೊದಲಲ್ಲಿ ಮನೋರಮೆ ತನ್ನ ಗಂಡನಿಗೆ ಹೇಳುವುದೂ ಅದನ್ನೇ. ಮಳೆಗಾಲದ ಬೇಸರ, ಸರಸ ಸಂಭಾಷಣೆ, ಶೃಂಗಾರದ ಛಾಯೆ ಎಂದು ಹುಡುಗರಿಗೆ ಟಿಪ್ಪಣಿ ಬರೆಯಿಸಿದ್ದೆನೇ ಹೊರತು, ಆ ಮಾತಿನ ಹಿಂದೆ ಅಂಜಿಕೆ ಇರಬಹುದೆಂದು ನನಗೆ ತೋರಿರಲಿಲ್ಲ. ಅದನ್ನು ಬರೆದಾತನ ಬಾಳನ್ನು ಅಂದಿನಿಂದ ನಾನು ಬೇರೊಂದು ರೀತಿಯಲ್ಲಿ ನೆನೆಯತೊಡಗಿದೆ. ವಾಚಕರಿಗೆ ಈ ಕಥೆ ಹೊಸದಲ್ಲ. ಆದರೂ ಮತ್ತೊಮ್ಮೆ ಹೇಳುವೆನು.

ಒಂದು ವಿಷಯವನ್ನು ಮೊದಲೇ ಅರಿಕೆ ಮಾಡಿಕೊಳ್ಳಬೇಕು. ಹಿಂದಿನ ಕವಿಗಳನ್ನು ಏಕವಚನದಲ್ಲಿ ಕರೆಯುವುದು ನಮ್ಮಲ್ಲಿ ರೂಢಿ. ಪಂಪ ಬರೆದನು, ಕುಮಾರವ್ಯಾಸ ಹಾಡಿದನು ಎನ್ನುತ್ತೇವೆ. ಅದು ಅಗೌರವವಲ್ಲ, ಸಲಿಗೆ. ಹಾಗೆಯೇ ಕಾವ್ಯದೊಳಗಿನ ಮುದ್ದಣನನ್ನು ನಾನು ಏಕವಚನದಲ್ಲಿಯೇ ಕರೆಯುತ್ತೇನೆ. ಆದರೆ ಉಡುಪಿಯ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ಲಕ್ಷ್ಮೀನಾರಣಪ್ಪನವರು ನನ್ನ ವೃತ್ತಿಯವರು, ಮೇಷ್ಟ್ರು. ಅವರಿಗೆ ಏಕವಚನ ನನ್ನ ಬಾಯಿಗೆ ಬಾರದು. ಇಬ್ಬರೂ ಒಬ್ಬರೇ ಎಂಬುದು ಸರಿ. ಆದರೂ ಇಬ್ಬರ ನಡುವೆ ಇದ್ದ ದೂರವನ್ನು ಮರೆತರೆ ಈ ಕಥೆಯೇ ತಿಳಿಯುವುದಿಲ್ಲ.

ಲಕ್ಷ್ಮೀನಾರಣಪ್ಪನವರು ಹುಟ್ಟಿದ್ದು 1870ರ ಜನವರಿ 24ರಂದು, ಕಾರ್ಕಳದ ಬಳಿಯ ನಂದಳಿಕೆಯಲ್ಲಿ. ಆಗ ಅದು ಮದರಾಸು ಅಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ನಂದಳಿಕೆ ತುಳುನಾಡಿನಲ್ಲಿ ಸಿರಿಜಾತ್ರೆಗೆ ಹೆಸರಾದ ಊರು. ಸಿರಿಯ ಪಾಡ್ದನವೋ ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು ದೀರ್ಘವಾದದ್ದು. ಅದರ ಜೊತೆಗೆ ಯಕ್ಷಗಾನ. ದೀಪ ಹಚ್ಚಿದ ಮೇಲೆ ತೊಡಗಿ ಕೋಳಿ ಕೂಗುವ ತನಕ ಕಥೆ ನಡೆಯುವ ನಾಡು ಅದು. ರಾತ್ರಿಯನ್ನು ಕಥೆಯಿಂದ ದಾಟುವ ವಿದ್ಯೆ ಅಲ್ಲಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಮೊದಲು ಬರೆದದ್ದೂ ಯಕ್ಷಗಾನ ಪ್ರಸಂಗಗಳನ್ನೇ: ರತ್ನಾವತೀ ಕಲ್ಯಾಣ ಮತ್ತು ಕುಮಾರವಿಜಯ.

ಊರಿನಲ್ಲಿ ಮೊದಲ ಓದು ಮುಗಿಸಿ ಇಂಗ್ಲಿಷು ಕಲಿಯಲೆಂದು ಉಡುಪಿಗೆ ಹೋದರು. ಬಡತನ ಅದನ್ನು ಮುಂದುವರಿಯಗೊಡಲಿಲ್ಲ. ಉಪಾಧ್ಯಾಯರ ತರಬೇತಿ ಪಡೆದರು. ವ್ಯಾಯಾಮ ಶಿಕ್ಷಣದ ತರಬೇತಿಯೂ ಆಯಿತು. ಕುಂದಾಪುರ, ಉಡುಪಿಗಳ ಶಾಲೆಗಳಲ್ಲಿ ವ್ಯಾಯಾಮದ ಮೇಷ್ಟ್ರಾದರು. ಹೊಸಗನ್ನಡ ಗದ್ಯದ ಬಾಗಿಲು ತೆರೆದವರಲ್ಲಿ ಒಬ್ಬರು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿ ಕೈಯೆತ್ತಿಸುವ, ಕಾಲು ಮಡಿಸುವ ಕೆಲಸ. ಒಂದು, ಎರಡು, ಮೂರು, ನಾಲ್ಕು ಎಂದು ಕಾಲವನ್ನು ಎಣಿಸುವುದೇ ಆ ವೃತ್ತಿಯ ಸಾರ. ಇಂತಹ ಕೆಲಸದಿಂದ ಹೊತ್ತು ಬೇಗ ಹೋಗುವುದೋ ನಿಧಾನವಾಗುವುದೋ ಎಂದು ನಾನು ಒಮ್ಮೆ ನಮ್ಮ ಕಾಲೇಜಿನ ವ್ಯಾಯಾಮ ನಿರ್ದೇಶಕರನ್ನು ಕೇಳಿದೆ. ಎಣಿಸಿದಷ್ಟೂ ನಿಧಾನ ಎಂದರು.

ಆ ದಿನಗಳಲ್ಲಿ ಅವರಿಗೆ ದೊರೆತ ದೊಡ್ಡ ಭಾಗ್ಯವೆಂದರೆ ಮಳಲಿ ಸುಬ್ಬರಾಯರ ಗೆಳೆತನ. ಸುಬ್ಬರಾಯರು ಹಳಗನ್ನಡ ಬಲ್ಲವರು, ಪುಸ್ತಕ ಸಂಗ್ರಹವುಳ್ಳವರು. ವ್ಯಾಯಾಮದ ಮೇಷ್ಟ್ರು ಆ ಪುಸ್ತಕಗಳಲ್ಲಿ ಮುಳುಗಿದರು. ಕಾಲೇಜಿನ ಮೆಟ್ಟಿಲು ಹತ್ತದವರು ಹಳಗನ್ನಡದ ನಾಡಿಯನ್ನು ಹೇಗೆ ಹಿಡಿದರೆಂದರೆ, ಮುಂದೆ ಮೈಸೂರಿನ ಪಂಡಿತರಿಗೂ ಅವರ ಹೊಸ ಬರವಣಿಗೆ ಹಳೆಯದಾಗಿಯೇ ಕಂಡಿತು. ಪದವಿಯನ್ನು ಪಡೆದು ಪಾಠ ಹೇಳುತ್ತಿರುವ ನನ್ನಂಥವರು ಈ ಸಂಗತಿಯ ಮುಂದೆ ಸುಮ್ಮನಾಗುವುದು ಒಳ್ಳೆಯದು.

1893ರಲ್ಲಿ ಮದುವೆಯಾಯಿತು. ಹುಡುಗಿ ಘಟ್ಟದ ಮೇಲಿನವಳು, ಶಿವಮೊಗ್ಗದ ಸೀಮೆಯ ಕಾಗೋಡಿನ ಕಮಲಾಬಾಯಿ. ಮನೋರಮೆಗೆ ಮಾದರಿ ಈಕೆಯೇ ಎಂದು ಅನೇಕರು ನಂಬಿದ್ದಾರೆ. ನನಗೂ ಹಾಗೆ ನಂಬಲು ಇಷ್ಟ. ಒಬ್ಬಳು ಹೆಂಡತಿ ನಿಜವಾಗಿ ಎದುರು ಕುಳಿತು ಮಾತಿಗೆ ಮಾತು ಕೊಡದಿದ್ದರೆ, ಅಷ್ಟೊಂದು ಜೀವವಿರುವ ಅಡ್ಡಮಾತುಗಳು ಬರಿಯ ಕಲ್ಪನೆಯಿಂದ ಹುಟ್ಟಲಾರವು.

ಇನ್ನು ಕಾಯುವಿಕೆಯ ಕಥೆ. ಹಳಗನ್ನಡ ಕಾವ್ಯಗಳನ್ನು ಶೋಧಿಸಿ ಅಚ್ಚು ಹಾಕಲೆಂದು ಆ ಕಾಲದಲ್ಲಿ ಮೈಸೂರಿನಲ್ಲಿ ಕಾವ್ಯಮಂಜರಿ, ಆಮೇಲೆ ಕಾವ್ಯಕಲಾನಿಧಿ ಎಂಬ ಗ್ರಂಥಮಾಲೆಗಳು ನಡೆಯುತ್ತಿದ್ದವು. ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಈ ಕೆಲಸದ ಮುಂದಾಳುಗಳು. ಲಕ್ಷ್ಮೀನಾರಣಪ್ಪನವರು ತಮ್ಮ ಅದ್ಭುತ ರಾಮಾಯಣವನ್ನು ಅಲ್ಲಿಗೆ ಕಳುಹಿಸಿದರು. ತಮ್ಮದೆಂದು ಅಲ್ಲ, ತಮಗೆ ಸಿಕ್ಕಿದ ಯಾವನೋ ಹಿಂದಿನ ಕವಿಯ ಕೃತಿಯೆಂದು. ಅದು 1895ರಲ್ಲಿ ಅಚ್ಚಾಯಿತು. ಮರುವರ್ಷ ಶ್ರೀರಾಮ ಪಟ್ಟಾಭಿಷೇಕವೆಂಬ ಷಟ್ಪದಿಯ ಕಾವ್ಯ. ಕೊನೆಗೆ ಶ್ರೀರಾಮಾಶ್ವಮೇಧ.

ಆಗ ಮಂಗಳೂರಿಗೆ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ಉಡುಪಿಯಿಂದ ಹೊರಟ ಒಂದು ಕಟ್ಟು ಕಾಗದ ನದಿಗಳನ್ನು ದಾಟಬೇಕು, ಘಟ್ಟ ಹತ್ತಬೇಕು, ಮೈಸೂರು ಸೇರಬೇಕು. ಅಲ್ಲಿ ಯಾರಾದರೂ ಓದಬೇಕು. ಒಪ್ಪಿದರೆ ಸರದಿಗೆ ಕಾಯಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಸೀಮೆ ಉಡುಪಿ. ಬೆಂಗಳೂರಿನಲ್ಲಿ ಬೀಳುವುದು ಅದರ ಕಾಲುಭಾಗಕ್ಕೂ ಕಡಿಮೆ. ಜೂನ್ ತಿಂಗಳಿಂದ ಮೂರು ನಾಲ್ಕು ತಿಂಗಳು ಶಾಲೆಯ ಅಂಗಳ ಕೆಸರು. ವ್ಯಾಯಾಮದ ಮೇಷ್ಟ್ರಿಗೆ ಅಂಗಳದಲ್ಲಿ ಕೆಲಸವಿಲ್ಲ. ಅಂಚೆಯವನ ದಾರಿ ನೋಡುವುದಕ್ಕೆ ಬೇಕಾದಷ್ಟು ಹೊತ್ತು.

ಹೆಸರನ್ನು ಏಕೆ ಮರೆಸಿದರು? ಹೊಸಬನ ಬರಹವೆಂದರೆ ಪಂಡಿತರು ಮೂಗು ಮುರಿಯುತ್ತಾರೆ, ಹಳೆಯದೆಂದರೆ ಕಣ್ಣಿಗೊತ್ತಿಕೊಳ್ಳುತ್ತಾರೆ ಎಂಬ ಲೋಕಜ್ಞಾನ ಒಂದು ಕಾರಣವಾಗಿದ್ದಿರಬೇಕು. ಸಂಕೋಚ ಇನ್ನೊಂದು. ಇವೆರಡನ್ನೂ ವಿಮರ್ಶಕರು ಹೇಳಿದ್ದಾರೆ. ನನಗೆ ಮೂರನೆಯದೊಂದು ತೋರುತ್ತದೆ. ಬರಿಯ ಊಹೆ, ಒಪ್ಪದವರು ಬಿಡಬಹುದು. ಬರೆದು ಕಳುಹಿಸಿ ಕಾಯುವವನಿಗೆ ಅಂಜಿಕೆ ಇರುವುದು ತನ್ನ ಹೆಸರಿನ ಮೇಲೆ. ಹೆಸರನ್ನು ತೆಗೆದಿಟ್ಟರೆ ಆ ಅಂಜಿಕೆಯ ಅರ್ಧ ಭಾರ ಇಳಿಯುತ್ತದೆ. ತಿರಸ್ಕಾರ ಬಂದರೆ ಅದು ಯಾರೋ ಹಿಂದಿನ ಕವಿಗೆ ಬಂದ ತಿರಸ್ಕಾರ. ಆದರೆ ಇದರ ಬೆಲೆಯೂ ಸಣ್ಣದಲ್ಲ: ಹೊಗಳಿಕೆ ಬಂದಾಗಲೂ ಅದು ಆ ಯಾರಿಗೋ ಸೇರುತ್ತದೆ. ಅಚ್ಚಾದ ಸಂಚಿಕೆ ಉಡುಪಿಗೆ ಬಂದಾಗ, ಬಲ್ಲವರು ಯಾರಾದರೂ ಈ ಹಳೆಯ ಗದ್ಯ ಎಷ್ಟು ಸೊಗಸು ಎಂದು ಎದುರಿಗೇ ಮೆಚ್ಚಿದ್ದರೆ, ಅವರು ಹೌದೆಂದು ತಲೆಯಾಡಿಸಿ ಅಂಗಳಕ್ಕೆ ಇಳಿಯಬೇಕಾಗಿತ್ತು.

ಇಷ್ಟರಲ್ಲಿ ಕ್ಷಯ ಅಂಟಿಕೊಂಡಿತ್ತು. ದೇಹವನ್ನು ಗಟ್ಟಿಮಾಡುವುದನ್ನು ಕಲಿಸುವ ಮೇಷ್ಟ್ರ ದೇಹವನ್ನೇ ಅದು ಆರಿಸಿಕೊಂಡಿತು. ರೋಗದ ಅಣುವನ್ನು ಕಾಖ್ ಎಂಬ ಜರ್ಮನ್ ವೈದ್ಯ 1882ರಲ್ಲಿಯೇ ಕಂಡುಹಿಡಿದಿದ್ದನು. ಕಂಡದ್ದಕ್ಕೂ ಕೊಲ್ಲುವುದಕ್ಕೂ ನಡುವೆ ಅರವತ್ತು ವರ್ಷಗಳ ಅಂತರ. ಸ್ಟ್ರೆಪ್ಟೋಮೈಸಿನ್ ಕೈಗೆ ಬಂದದ್ದು 1940ರ ದಶಕದಲ್ಲಿ. ಕ್ಷಯರೋಗಿಗಳಿಗೆಂದು ನಮ್ಮ ದೇಶದಲ್ಲಿ ಮೊದಲ ಆರೋಗ್ಯಧಾಮ ತೆರೆದದ್ದೂ 1906ರಲ್ಲಿ, ದೂರದ ಅಜ್ಮೀರದ ಬಳಿಯ ತಿಲೌನಿಯಾದಲ್ಲಿ. ಲಕ್ಷ್ಮೀನಾರಣಪ್ಪನವರಿಗೆ ಇದ್ದದ್ದು ಹಾಲು, ವಿಶ್ರಾಂತಿ, ಒಳ್ಳೆಯ ಗಾಳಿ ಎಂಬ ಉಪದೇಶ ಮಾತ್ರ. ಬಡ ಮೇಷ್ಟ್ರಿಗೆ ಆ ಮೂರರಲ್ಲಿ ಗಾಳಿಯೊಂದೇ ಬಿಟ್ಟಿ. ಅದೂ ಮಳೆಗಾಲದಲ್ಲಿ ತೇವ.

ಕ್ಷಯದ ಕಾಲವೇ ಬೇರೆ. ಇದನ್ನು ನಾನು ತಿಳಿದದ್ದು ನಮ್ಮ ವೈದ್ಯರಿಂದ. ಪರೀಕ್ಷೆಗೆ ಆರು ವಾರ ಏಕೆ ಬೇಕೆಂದು ನಾನು ತುಸು ಕಟುವಾಗಿಯೇ ಕೇಳಿದ್ದೆ. ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾದರೆ, ಕ್ಷಯದ ಅಣು ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ತೆಗೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟು ಬೆಳೆಯುವವರೆಗೆ ನಾವು ಕಾಯದೆ ಗತಿಯಿಲ್ಲ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಈ ನಿಧಾನವೇ ರೋಗಿಯ ಬಾಳಿಗೂ ಬರುತ್ತದೆ. ಇಂದು ಜ್ವರ ಬಿಟ್ಟಿತೆಂದು ಆಸೆ, ನಾಳೆ ಸಂಜೆ ಮತ್ತೆ ಬಂತೆಂದು ನಿರಾಸೆ. ರೋಗಿಗೆ ಉಳಿದಿರುವ ವರ್ಷಗಳು ಕಡಿಮೆ. ಆದರೆ ಇಂದಿನ ಒಂದು ಸಂಜೆ ಮುಗಿಯುವುದೇ ಇಲ್ಲ. ಆಯುಷ್ಯ ಓಡುತ್ತದೆ, ಗಳಿಗೆ ತೆವಳುತ್ತದೆ. ಇವೆರಡೂ ಒಟ್ಟಿಗೆ ಹೇಗೆ ನಡೆಯುತ್ತವೆಂದು ಮೊದಲು ನನಗೆ ಅರ್ಥವಾಗುತ್ತಿರಲಿಲ್ಲ.

ಈಗ ಶ್ರೀರಾಮಾಶ್ವಮೇಧವನ್ನು ತೆರೆಯೋಣ. ಅದು ಅವರ ಕೊನೆಯ ವರ್ಷಗಳ ಕೃತಿ. ಮಳೆಗಾಲ ಬಂದಿದೆ. ಮುದ್ದಣನು ಅರಮನೆಯಿಂದ ಮನೆಗೆ ಬರುತ್ತಾನೆ. ಗಮನಿಸಬೇಕು: ಶಾಲೆಯಿಂದಲ್ಲ, ಅರಮನೆಯಿಂದ. ಮನೋರಮೆ ಉಪಚರಿಸುತ್ತಾಳೆ, ಮನೆಯಲ್ಲಿ ಹಣ್ಣಿದೆ, ಹಾಲಿದೆ, ತಾಂಬೂಲವಿದೆ. ಮಳೆಯಿಂದ ಹೊತ್ತು ಹೋಗದೆಂದು ಅವಳು ಕಥೆ ಕೇಳುತ್ತಾಳೆ. ಯಾವ ಕಥೆ ಎಂಬುದಕ್ಕೆ ಚರ್ಚೆ, ಪದ್ಯವೋ ಗದ್ಯವೋ ಎಂಬುದಕ್ಕೆ ಚರ್ಚೆ, ಹೇಳಿದರೆ ಏನು ಕೊಡುವೆ ಎಂಬುದಕ್ಕೆ ಚೌಕಾಸಿ. ಮುದ್ದಣನು ದೊಡ್ಡ ದೊಡ್ಡ ಸಂಸ್ಕೃತ ಸಮಾಸಗಳಿಂದ ಆರಂಭಿಸಿದರೆ ಅವಳು ತಡೆಯುತ್ತಾಳೆ. ತನಗೆ ತಿಳಿಯುವ ಕನ್ನಡದಲ್ಲಿ ಹೇಳೆನ್ನುತ್ತಾಳೆ. ಕಥೆ ಇನ್ನೂ ಹೊರಟೇ ಇಲ್ಲ, ಓದುಗನಿಗೆ ಆಗಲೇ ಹೊತ್ತು ಹೋದದ್ದು ತಿಳಿದಿರುವುದಿಲ್ಲ.

ಈ ಪುಸ್ತಕದಲ್ಲಿ ಏನಿದೆ ಎಂಬುದನ್ನು ಎಲ್ಲರೂ ಬರೆದಿದ್ದಾರೆ. ಏನಿಲ್ಲ ಎಂಬುದನ್ನು ನಾನು ಆ ಆರು ವಾರಗಳಲ್ಲಿ ಕಂಡೆ. ಈ ಮನೆಯಲ್ಲಿ ಕೆಮ್ಮಿಲ್ಲ. ಸಾಲವಿಲ್ಲ. ಗೋಡೆಯ ತೇವವಿಲ್ಲ. ಅಂಚೆಯವನಿಗಾಗಿ ಯಾರೂ ಬಾಗಿಲ ಕಡೆ ನೋಡುವುದಿಲ್ಲ. ಕ್ಷಯರೋಗಿಯೊಬ್ಬರು ಬರೆದ ಇಷ್ಟು ದೊಡ್ಡ ಗ್ರಂಥದೊಳಗೆ ಆ ದಂಪತಿಗಳ ಬದುಕಿನಲ್ಲಿ ಎಲ್ಲಿಯೂ ರೋಗದ ನೆರಳಿಲ್ಲ. ಇದನ್ನು ಕೆಲವರು ವಾಸ್ತವದಿಂದ ಪಲಾಯನವೆಂದಾರು. ನಾನೂ ಒಂದು ಕಾಲಕ್ಕೆ, ಎಂ. ಎ. ತರಗತಿಯ ಹುಮ್ಮಸ್ಸಿನಲ್ಲಿ, ಹಾಗೆ ಬರೆದು ಒಳ್ಳೆಯ ಅಂಕಗಳನ್ನು ಪಡೆದಿದ್ದೆ. ಆ ಉತ್ತರವನ್ನು ಈಗ ತಿದ್ದುವ ಅವಕಾಶವಿದ್ದರೆ ಹೊಡೆದುಹಾಕುವೆನು. ಲಕ್ಷ್ಮೀನಾರಣಪ್ಪನವರು ತಮ್ಮ ಬಾಳಿನಿಂದ ಎಲ್ಲವನ್ನೂ ಬಿಡಲಿಲ್ಲ. ಹೋಗದ ಹೊತ್ತನ್ನು ಹಾಗೆಯೇ ಇಟ್ಟುಕೊಂಡರು. ಪುಸ್ತಕದ ಬಾಗಿಲೇ ಅದು. ಆ ಹೊತ್ತಿನೊಳಗೆ ಕುಳಿತಿದ್ದ ಒಂಟಿತನವನ್ನು ಮಾತ್ರ ಎಬ್ಬಿಸಿ, ಅಲ್ಲಿ ಕೇಳುವವಳೊಬ್ಬಳನ್ನು ಕೂರಿಸಿದರು.

ಕೇಳುವವಳು ಸುಮ್ಮನೆ ಕೇಳುವುದೂ ಇಲ್ಲ. ಹೀಗಳೆಯುತ್ತಾಳೆ, ಸಂಶಯ ಎತ್ತುತ್ತಾಳೆ, ಸೀತೆಯ ಪಾಡಿಗೆ ಮರುಗುತ್ತಾಳೆ. ಕಥೆ ಶತ್ರುಘ್ನನ ಸೇನೆಯ ಹಿಂದೆ ದೇಶದಿಂದ ದೇಶಕ್ಕೆ ಓಡುತ್ತಿರುವಾಗ ಥಟ್ಟನೆ ಅದನ್ನು ಮನೆಯ ಜಗುಲಿಗೆ ಎಳೆದು ತರುತ್ತಾಳೆ. ಅಂಜಿಕೆಯಿಂದ ಕೂಡಿದ ಹೊತ್ತು ನೇರವಾದ ಉದ್ದ ದಾರಿಯಂತೆ. ತುದಿ ಕಾಣುತ್ತಿರುತ್ತದೆ, ಆದುದರಿಂದಲೇ ಸಾಗುವುದಿಲ್ಲ. ಮನೋರಮೆಯ ಅಡ್ಡಮಾತುಗಳು ಆ ದಾರಿಗೆ ತಿರುವುಗಳನ್ನು ಇಡುತ್ತವೆ. ಇದು ಕೇವಲ ತಂತ್ರವೆಂದು ನಾನು ಎಷ್ಟೋ ವರ್ಷ ಹೇಳಿದೆ.

ಕಥೆಯ ಆಯ್ಕೆಯನ್ನೂ ನೋಡಬೇಕು. ಉತ್ತರಕಾಂಡದ ಸೀತೆ ಕೊನೆಯಲ್ಲಿ ಭೂಮಿಗೆ ಸೇರಿಹೋಗುತ್ತಾಳೆ. ನಮ್ಮ ಜನಕ್ಕೆ ಪರಿಚಿತವಾದದ್ದು ಆ ದುಃಖದ ಕಥೆಯೇ. ಮುದ್ದಣನು ಹಿಡಿದದ್ದು ಪದ್ಮಪುರಾಣದ ಪಾತಾಳಖಂಡದ ಕಥೆಯನ್ನು. ಅಲ್ಲಿ ಸೀತೆ ಮರಳಿ ಬರುತ್ತಾಳೆ. ಎದುರಿಗೆ ಕಮಲಾಬಾಯಿಯನ್ನು ಕೂರಿಸಿಕೊಂಡ ರೋಗಿ ಈ ಎರಡು ಕಥೆಗಳಲ್ಲಿ ಎರಡನೆಯದನ್ನು ಆರಿಸಿಕೊಂಡದ್ದು ಆಕಸ್ಮಿಕವಿದ್ದೀತೆ?

1901ರ ಫೆಬ್ರವರಿಯಲ್ಲಿ ಲಕ್ಷ್ಮೀನಾರಣಪ್ಪನವರು ತೀರಿಕೊಂಡರು. ಮೂವತ್ತೊಂದು ವರ್ಷ ವಯಸ್ಸು. ಆಗಿನ್ನೂ ಮಳೆಗಾಲ ದೂರವಿತ್ತು. ಗೋದಾವರಿ ಎಂಬ ಕಾದಂಬರಿಯನ್ನು ಅವರು ಕೈಗೆತ್ತಿಕೊಂಡಿದ್ದರೆಂಬ ಮಾತಿದೆ. ಅದು ನಮಗೆ ಉಳಿದು ಬರಲಿಲ್ಲ. ಅಚ್ಚಾದ ಪುಸ್ತಕಗಳು ಮಾತ್ರ ಯಾವನೋ ಮುದ್ದಣನ ಹೆಸರಿನಲ್ಲಿ ಓಡಾಡಿಕೊಂಡಿದ್ದವು. ಆ ಮುದ್ದಣನೇ ನಂದಳಿಕೆಯ ವ್ಯಾಯಾಮದ ಮೇಷ್ಟ್ರು ಎಂಬ ಸತ್ಯ ಕನ್ನಡ ನಾಡಿನಲ್ಲಿ ಬೇರೂರಲು ಕಾಲ ಹಿಡಿಯಿತು. ಅವರಿಗೆ ಸಲ್ಲಬೇಕಾದ ಹೊಗಳಿಕೆಯೂ ಅಂಚೆಯಲ್ಲಿ ತಡವಾಯಿತೆನ್ನಬಹುದು. ಇಂದು ಅವರನ್ನು ಹೊಸಗನ್ನಡದ ಮುಂಗೋಳಿ ಎಂದು ಕರೆಯುವುದು ವಾಡಿಕೆ. ಬೆಳಗಾಗುವುದಕ್ಕೆ ಮೊದಲೇ ಕೂಗಿದರೆಂಬ ಅರ್ಥದಲ್ಲಿ ಅದು ಸರಿಯಾದ ಬಿರುದು. ಇಷ್ಟು ಬೇಗ ಕೂಗಬೇಕಾದರೆ ಆ ಕೋಳಿ ರಾತ್ರಿಯೆಲ್ಲ ಎಚ್ಚರವಿದ್ದಿರಬೇಕೆಂಬುದನ್ನು ಬಿರುದು ಕೊಟ್ಟವರು ನೆನೆದಿದ್ದರೋ ಇಲ್ಲವೋ.

ನಮ್ಮ ಮನೆಯ ಮಾತು ಹೇಳಿ ಮುಗಿಸುತ್ತೇನೆ. ಆ ವಿದ್ಯುತ್ತಿಲ್ಲದ ಸಂಜೆ ನಾನು ಕಪಾಟಿನಿಂದ ಶ್ರೀರಾಮಾಶ್ವಮೇಧವನ್ನು ತಂದು, ಮೇಣದಬತ್ತಿಯ ಬಳಿ ಕುಳಿತು ಓದಲು ತೊಡಗಿದೆ. ನನ್ನ ಹೆಂಡತಿ ಓದಿದ್ದು ವಾಣಿಜ್ಯ. ಹಳಗನ್ನಡವೆಂದರೆ ಅವಳಿಗೆ ಹತ್ತನೆಯ ತರಗತಿಯ ಹಳೆಯ ಭಯ. ನಾಲ್ಕು ಸಾಲು ಆಗುವುದರೊಳಗೆ ತಡೆದು, ಅರ್ಥವಾಗುವಂತೆ ಹೇಳಿ, ನೀವು ತರಗತಿಯಲ್ಲಿಲ್ಲ ಎಂದಳು. ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಮಾತಿನಲ್ಲಿ ಹೇಳತೊಡಗಿದೆ. ಅಂದು ಒಂಬತ್ತೂವರೆಗೆ ದೀಪ ಬಂದದ್ದು ಇಬ್ಬರಿಗೂ ತುಸು ತಡವಾಗಿ ಗಮನಕ್ಕೆ ಬಂತು. ಎಲ್ಲ ಸಂಜೆಗಳೂ ಹಾಗೆ ಹೋದವೆಂದು ಹೇಳಲಾರೆ. ನಾಲ್ಕನೆಯ ವಾರದಲ್ಲಿ ಒಂದು ದಿನ ಅವಳು ಪುಸ್ತಕ ಬೇಡವೆಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಅಂದು ರಾತ್ರಿ ನಾನೊಬ್ಬನೇ ಅಡುಗೆಮನೆಯಲ್ಲಿ ಕುಳಿತು, ಆಸ್ಪತ್ರೆಯಿಂದ ಕರೆ ಬಂದಿದೆಯೇ ಎಂದು ಫೋನನ್ನು ಎಷ್ಟು ಸಾರಿ ನೋಡಿದೆನೋ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ಕರೆ ಬರುವುದಿಲ್ಲವೆಂಬುದು ತಿಳಿದೇ ಇತ್ತು.

ಫಲಿತಾಂಶ ಬಂದದ್ದು ಆರನೆಯ ವಾರದ ಕೊನೆಗೆ. ಕ್ಷಯವೇ. ಕ್ಷಯವೆಂದು ಕೇಳಿ ಸಂತೋಷಪಟ್ಟ ದಂಪತಿಗಳು ಲೋಕದಲ್ಲಿ ಎಷ್ಟು ಮಂದಿಯೋ ನಾನರಿಯೆ. ನಾವಿಬ್ಬರಂತೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆವು, ಆಮೇಲೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆವು. ಆರು ತಿಂಗಳು ದಿನವೂ ತಪ್ಪದೆ ಮಾತ್ರೆ. ಸರ್ಕಾರವೇ ಅದನ್ನು ಬಿಟ್ಟಿಯಾಗಿ ಕೊಡುತ್ತದೆ. ಬೆಳಗ್ಗೆ ಅವಳು ಮಾತ್ರೆ ನುಂಗುವಾಗ ಉಡುಪಿಯ ಆ ಮೇಷ್ಟ್ರು ನನಗೆ ನೆನಪಾಗುತ್ತಾರೆ. ಇದನ್ನು ಅವಳಿಗೆ ಹೇಳಿಲ್ಲ.

ಈಗ ನಾಲ್ಕನೆಯ ತಿಂಗಳು. ಗಂಟು ಕಡಲೆಕಾಳಿನಷ್ಟಾಗಿದೆ. ಕಥೆ ಮಾತ್ರ ನಿಧಾನ, ಏಕೆಂದರೆ ಅಡ್ಡಮಾತು ಹೆಚ್ಚು. ರಾಮ ಮಾಡಿದ್ದು ಸರಿಯೇ ಎಂಬ ಒಂದೇ ಪ್ರಶ್ನೆಗೆ ನಮ್ಮಲ್ಲಿ ಮೂರು ಸಂಜೆಗಳು ಹೋದವು. ಯಜ್ಞದ ಕುದುರೆ ಇನ್ನೂ ವಾಲ್ಮೀಕಿಯ ಆಶ್ರಮದ ಹತ್ತಿರ ಬಂದಿಲ್ಲ. ಕೊನೆಯಲ್ಲಿ ಸೀತೆ ಬರುತ್ತಾಳೋ ಇಲ್ಲವೋ ಅದೊಂದನ್ನು ಮೊದಲೇ ಹೇಳಿಬಿಡಿ ಎಂದು ಅವಳು ನಿನ್ನೆಯೂ ಕೇಳಿದಳು. ನಾನು ಹೇಳಲಿಲ್ಲ.